ಇ-ಬುಕ್ ತೆರಿವಲ್ದು ಅಂದ್ರ: ಮೊದಲ ಡಬ್ಬಿ ನೋಡ್ರಿ, ಆಮ್ಯಾಲೆ ಕೀಲಿ

ಹೋದ ರವಿವಾರ ಧಾರವಾಡದ ಸಪ್ತಾಪುರದಾಗ ನಮ್ಮ ಹಿಂದಿನ ಓಣಿ ಕಾಕಾ, ರಿಟೈರ್ಡ್ ಸಾಲಿ ಮಾಸ್ತರು, ಒಂದು ಕಿಂಡಲ್ಲು (ಅಮೆಜಾನ್‌ದವರ ಇ-ಬುಕ್ ಓದೂ ಮಷೀನು), ಒಂದು ಪೆನ್‌ಡ್ರೈವು ಹಿಡಕೊಂಡು ಬಂದು ಕಟ್ಟಿ ಮ್ಯಾಲೆ ಕುಂತ್ರು. "ತಮ್ಮಾ, ಮಗಾ ಪುಣಾದಿಂದ ಕಳಿಸ್ಯಾನ, ಬಂದಾಗಿಂದ ಕೆಟ್ಟ ಬಿದ್ದೈತಿ, ಯಾ ಪುಸ್ತಕನೂ ತೆರಿವಲ್ದು, ಸಿಬಿಟಿ ಹತ್ರ ರಿಪೇರಿ ಅಂಗಡಿಗೆ ಒಯ್ಲೋ ಏನ?" ಅಂದ್ರು. ಮಷೀನಿಗೆ ಏನೂ ಆಗಿರಲಿಲ್ರಿ. ಪೆನ್‌ಡ್ರೈವ್‌ನ್ಯಾಗ ಒಂಬತ್ತು ಫೈಲ್ ಇದ್ವು, ತೆರದದ್ದು ಎರಡು, ಉಳದ ಏಳಕ್ಕ ಏಳು ನಮೂನಿ ಜಡ್ಡು. ಇಂಥಾದ್ದು ತಿಂಗಳಿಗೆ ಒಬ್ಬರಾದ್ರೂ ಕೇಳತಾರ, ಅದಕ್ಕ ಒಂದ ಸಲ ಬರದ ಇಟ್ರ ಬರೋಬ್ಬರಿ ಅನಿಸ್ತು.

ಒಂದು ಮಾತು ತಲ್ಯಾಗ ಇಟ್ಕೋರಿ. ಇ-ಬುಕ್ ಅಂದ್ರ ಡಬ್ಬಿ ಬ್ಯಾರೆ, ಡಬ್ಬಿಗೆ ಹಾಕಿದ ಕೀಲಿ ಬ್ಯಾರೆ. ಡಬ್ಬಿ ಅಂದ್ರ ಫಾರ್ಮ್ಯಾಟು, ಇಪಬ್, ಮೋಬಿ, ಎಜಡ್‌ಡಬ್ಲ್ಯೂ3, ಪಿಡಿಎಫ್ ಇವೆಲ್ಲ. ಕೀಲಿ ಅಂದ್ರ ಡಿಆರ್‌ಎಂ, ಕೊಂಡವರು ಬಿಟ್ಟು ಬ್ಯಾರೆಯವರು ತೆರೀಬಾರದು ಅಂತ ಹಾಕೂ ಬೀಗ. ಒಂದೇ ಇಪಬ್ ಡಬ್ಬಿಗೆ ಅಡೋಬಿ ಕೀಲಿ ಇರಬಹುದು, ಆ್ಯಪಲ್ ಕೀಲಿ ಇರಬಹುದು, ಎಲ್‌ಸಿಪಿ ಅನ್ನೋ ಕೀಲಿ ಇರಬಹುದು, ಇಲ್ಲಾ ಕೀಲಿನೇ ಇಲ್ಲದ ಬಿಟ್ಟಿರಬಹುದು, ಹಂಗಾಗಿ "ಇಪಬ್ ಐತಿ, ಎಲ್ಲಾ ಕಡೆ ತೆರೀಬೇಕು" ಅನ್ನೂದು ಅರ್ಧಾ ಖರೆ. ಡಬ್ಬಿ ಹೊಂದಲಿಲ್ಲ ಅಂದ್ರ ಬದಲಿ ಮಾಡಬಹುದು, ಕೀಲಿ ಇದ್ದದ್ದನ್ನ ಬದಲಿ ಮಾಡಾಕ ಕುಂತ್ರ ಇಡೀ ಮಧ್ಯಾಹ್ನ ದಂಡ. ಕನ್ನಡ ಪುಸ್ತಕಕ್ಕ ಮೂರನೇದೂ ಒಂದೈತಿ, ಅಕ್ಷರದ ತ್ರಾಸು, ಅದಕ್ಕ ಡಬ್ಬಿನೂ ಕಾರಣ ಅಲ್ಲ ಕೀಲಿನೂ ಅಲ್ಲ.

ಒತ್ತಿದ್ರ ಏನೂ ಆಗವಲ್ದು, ಇಲ್ಲಾ "ಫೈಲ್ ಸರಿ ಇಲ್ಲ" ಅಂತೈತಿ

ರೊಕ್ಕ ಹತ್ತಲಾರದ ಚೆಕ್ ಮೊದಲ. ಫೈಲಿನ ಸೈಜ್ ನೋಡ್ರಿ. ಬರೇ ಅಕ್ಷರ ಇರೋ ಕಾದಂಬರಿ ಇಪಬ್ ಸಾಮಾನ್ಯ ಕೆಲವು ನೂರು ಕೆಬಿಯಿಂದ ಒಂದೆರಡು ಎಂಬಿ ಇರತೈತಿ. ಸೊನ್ನಿ ಕೆಬಿ ಅಂದ್ರ ಡೌನ್‌ಲೋಡ್ ಆಗೇ ಇಲ್ಲ. ಎರಡು ಮೂರು ಕೆಬಿ ಅಂದ್ರ ಅದು ಪುಸ್ತಕ ಅಲ್ಲ, ಅದರ ಕತಿ ಕೆಳಗ ಹೇಳತೇನಿ. ಸೈಜ್ ಬರೋಬ್ಬರಿ ಕಂಡ್ರೂ ತೆರಿವಲ್ದು ಅಂದ್ರ ಇನ್ನೊಮ್ಮೆ ಡೌನ್‌ಲೋಡ್ ಮಾಡ್ರಿ, ನೆಟ್‌ವರ್ಕ್ ನಡುವ ಹೋದ್ರ ಅರ್ಧಾ ಫೈಲ್ ಬಂದು ಪೂರ್ತಿ ಬಂದೈತಿ ಅನ್ನೋಹಂಗ ಕುಂತಿರತೈತಿ.

ಆಮ್ಯಾಲೆ ಹೆಸರಿನ ಬಾಲ, ಅಂದ್ರ ಫೈಲ್ ಹೆಸರಿನ ಕೊನಿಗೆ ಚುಕ್ಕಿ ಆದ ಮ್ಯಾಲೆ ಬರೂ ಅಕ್ಷರ. ಇಪಬ್ ಅನ್ನೂದು ಒಳಗ ಒಂದು ಜಿಪ್ ಫೈಲೇ ರಿ, ವೆಬ್ ಪುಟದಂಥಾ ಪುಟಗಳು, ಚಿತ್ರ, ಫಾಂಟು ಎಲ್ಲಾ ಒಂದ ಗಂಟು ಕಟ್ಟಿದ್ದು. ಅದಕ್ಕ ಕೆಲವು ಫೋನು ಡೌನ್‌ಲೋಡ್ ಮಾಡುವಾಗ ಜಾಣತನ ತೋರಿಸಿ ಹೆಸರಿನ ಕೊನಿಗೆ ಜಿಪ್ ಅಂತ ಹಚ್ಚಿಬಿಡತಾವ. ಕಾಕಾನ ಒಂದನೇ ಫೈಲಿನ ಜಡ್ಡು ಇದ. ಬಾಲ ತಿದ್ದಿ ಇಪಬ್ ಮಾಡಿದ್ವಿ, ತೆರೀತು. ಆದ್ರ ಪಿಡಿಎಫ್‌ಗೆ ಇಪಬ್ ಅಂತ ಬಾಲ ಹಚ್ಚಿದ್ರ ಅದು ಇಪಬ್ ಆಗೂದಿಲ್ಲ, ಡಬ್ಬಿ ಮ್ಯಾಲಿನ ಚೀಟಿ ಬದಲಿ ಮಾಡಿದ್ರ ಒಳಗಿನ ಖಾರಪುಡಿ ಸಕ್ಕರಿ ಆಗತೈತೇನು.

ವಿಂಡೋಸ್‌ದಾಗ ಬಾಲ ಕಾಣಸ್ಲಿಕ್ಕೆ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುದಾಗ "ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್" ಟಿಕ್ ಮಾಡ್ರಿ. ಇದನ್ನ ಇವತ್ತೇ ಮಾಡಿಟ್ಕೋರಿ, ಯಾಕಂತ ಕೊನಿಗೆ ಗೊತ್ತಾಗತೈತಿ.

ರೊಕ್ಕ ಕೊಟ್ಟು ತಗೊಂಡೇನಿ, ಬಂದದ್ದು ಎರಡು ಕೆಬಿ ಫೈಲು

ಬಾಲದಾಗ ಎಸಿಎಸ್‌ಎಂ ಅಂತಿದ್ರ ಅದು ಪುಸ್ತಕ ಅಲ್ಲ, ಖಾನಾವಳಿ ಕೂಪನ್. ಕೂಪನ್ ಕಚ್ಚಿದ್ರ ಹೊಟ್ಟಿ ತುಂಬೂದಿಲ್ಲ, ಅದನ್ನ ಒಯ್ದು ಕೌಂಟರ್‌ದಾಗ ಕೊಟ್ಟ್ರ ರೊಟ್ಟಿ ಬರತೈತಿ. ಇಲ್ಲಿ ಕೌಂಟರ್ ಅಂದ್ರ ಅಡೋಬಿ ಡಿಜಿಟಲ್ ಎಡಿಷನ್ಸ್ ಅನ್ನೋ ಪುಕ್ಕಟೆ ಪ್ರೋಗ್ರಾಮು, ಫೋನ್‌ದಾಗ ಆದ್ರ ಪಾಕೆಟ್‌ಬುಕ್ ಆ್ಯಪು. ಅದರಾಗ ಅಡೋಬಿ ಐಡಿ ಹಾಕಿ, ಆಮ್ಯಾಲೆ ಕೂಪನ್ ಫೈಲ್ ತೆರದ್ರ ಖರೇ ಇಪಬ್ಬೋ ಪಿಡಿಎಫ್ಫೋ ಇಳೀತೈತಿ, ಆ ಐಡಿಗೆ ಕೀಲಿ ಬಿದ್ದೇ ಇಳೀತೈತಿ. ಗೂಗಲ್ ಪ್ಲೇ ಬುಕ್ಸ್‌ನಿಂದ ಎಕ್ಸ್‌ಪೋರ್ಟ್ ಮಾಡಿದ್ರೂ ಪ್ರಕಾಶಕರು ಕೀಲಿ ಹಾಕಿದ್ರ ಇದ ಕೂಪನ್ ಬರತೈತಿ, ಹಾಕಿಲ್ಲಂದ್ರ ಸೀದಾ ಇಪಬ್ ಬರತೈತಿ.

ಇಲ್ಲಿ ಜನ ಎಡವೂದು ಒಂದ ಕಡೆ. ಮೊದಲ ಸಲ ತೆರದಾಗ ಐಡಿ ಇಲ್ಲದ ಮುಂದ ಹೋಗೂ ದಾರಿ ಒಂದು ಕಾಣತೈತಿ, ಸಸಾರ ಐತಿ ಅಂತ ಅದನ್ನ ಒತ್ತತಾರ, ಪುಸ್ತಕ ಆ ಒಂದ ಕಂಪ್ಯೂಟರಿಗೆ ಕಟ್ಟಿಬೀಳತೈತಿ, ಆಮ್ಯಾಲೆ ಫೋನ್‌ದಾಗ ಅದ ಕೂಪನ್ ತೆರದ್ರ "ಬ್ಯಾರೆ ಯೂಸರ್ ಈಗಾಗಲೇ ತಗೊಂಡಾರ" ಅನ್ನೋ ಅರ್ಥದ ಎರರ್ ಬರತೈತಿ. ಆ ಬ್ಯಾರೆ ಯೂಸರ್ ನೀವ ರಿ, ಹ್ವಾದ ತಿಂಗಳದ ನೀವು. ಮಗ ಒಂದು ಐಡಿ ಮಾಡಿರತಾನ, ಸೊಸಿ ಒಂದು, ಮನ್ಯಾಗಿನ ಕಂಪ್ಯೂಟರ್‌ದಾಗ ಇನ್ನೊಂದು, ಹಂಗಾದ್ರೂ ಇದ ಎರರ್. ಹೊಸ ಐಡಿ ಮಾಡಿ ನೋಡೂಣು ಅಂತ ಹೋಗಬ್ಯಾಡ್ರಿ, ಗಂಟು ಇನ್ನಷ್ಟು ಬಿಗಿ ಆಗತೈತಿ. ಮೊದಲ ತೆರದ ಐಡಿ ಯಾವುದು ಅಂತ ಹುಡುಕ್ರಿ, ಸಿಗಲಿಲ್ಲಂದ್ರ ಇಲ್ಲೇ ನಿಂತು ಪುಸ್ತಕ ಮಾರಿದ ಅಂಗಡಿಗೆ ಆರ್ಡರ್ ನಂಬರ್ ಸಮೇತ ಮೇಲ್ ಹಾಕ್ರಿ, ಕೂಪನ್ ಹೊಸದಾಗಿ ಕೊಡೂದು ಅವರ ಕೈಯಾಗ ಐತಿ. ಒಂದು ಐಡಿಗೆ ಸಾಮಾನ್ಯ ಆರು ಕಂಪ್ಯೂಟರು ಆರು ಡಿವೈಸು ಅಂತ ಮಿತಿ ಐತಿ, ಹಳೇ ಲ್ಯಾಪ್‌ಟಾಪ್ ಮಾರೂ ಮುಂಚೆ ಅದರಾಗಿಂದ ಐಡಿ ತಗೀರಿ.

ಬಾಲ ಎಲ್‌ಸಿಪಿಎಲ್ ಅಂತಿದ್ರ ಅದು ಬ್ಯಾರೆ ಜಾತಿ ಕೂಪನ್, ಅಡೋಬಿಗೂ ಅದಕ್ಕೂ ಸಂಬಂಧ ಇಲ್ಲ. ಥೋರಿಯಂ ಅನ್ನೋ ಪುಕ್ಕಟೆ ರೀಡರ್‌ದಾಗ ತೆರೀರಿ, ಒಂದು ಪಾಸ್‌ಫ್ರೇಸ್ ಕೇಳತೈತಿ, ಅದರ ಸುಳಿವೂ ಅಲ್ಲೇ ಕಾಣತೈತಿ. ನನಗ ಕೇಳಿದ್ರ ಕೀಲಿ ಹಾಕೂದ ಆದ್ರ ಇದ ಮರ್ಯಾದಸ್ಥ ಕೀಲಿ, ಒಮ್ಮೆ ತೆರದ ಮ್ಯಾಲೆ ನೆಟ್ ಇಲ್ಲದನೂ ಓದಬಹುದು, ಬ್ಯಾರೆ ಕಂಪನಿ ಅಕೌಂಟ್ ಅಂತ ತಲಿ ತಿನ್ನೂದಿಲ್ಲ.

ಕಿಂಡಲ್‌ಗೆ ಕಾಪಿ ಮಾಡೇನಿ, ಲಿಸ್ಟ್‌ನ್ಯಾಗ ಕಾಣವಲ್ದು

ಮೊದಲ ಕೇಬಲ್. ನಗಬ್ಯಾಡ್ರಿ. ಚಾರ್ಜ್ ಆಗತೈತಿ, ಕಂಪ್ಯೂಟರ್‌ದಾಗ ಮಾತ್ರ ಕಾಣವಲ್ದು ಅಂದ್ರ ಅದು ಬರೇ ಚಾರ್ಜಿಂಗ್ ಕೇಬಲ್, ಡೇಟಾ ಹೋಗೂ ತಂತಿನೇ ಅದರಾಗ ಇರೂದಿಲ್ಲ. ಬಸ್ ಸ್ಟ್ಯಾಂಡ್ ಹತ್ರ ಐವತ್ತು ರೂಪಾಯಿಗೆ ತಂದದ್ದು ಹಂಗ ಇರತಾವ ಭಾಳ ಮಟ್ಟಿಗೆ. ಫೋನಿನ ಜೋಡಿ ಬಂದ ಕೇಬಲ್ ಹಾಕಿ ನೋಡ್ರಿ, ಮುಕ್ಕಾಲು ಕೇಸು ಇಲ್ಲೇ ಮುಗೀತಾವ.

ಕೇಬಲ್ ಛಲೋ ಐತಿ, ಫೈಲೂ ಹೋಗೈತಿ, ಆದ್ರೂ ಕಾಣವಲ್ದು ಅಂದ್ರ ಡಬ್ಬಿ ಹೊಂದಿಲ್ಲ. ಕೇಬಲ್‌ನಿಂದ ಹಾಕಿದ ಇಪಬ್ ಕಿಂಡಲ್ ಓದೂದಿಲ್ಲ. ಇದರ ಹಿಂದ ಹಳೇ ಕತಿ ಐತಿ. 2000ದಾಗ ಫ್ರಾನ್ಸ್‌ದಾಗ ಮೋಬಿಪಾಕೆಟ್ ಅಂತ ಕಂಪನಿ ಹುಟ್ಟಿತು, ಅದರ ಡಬ್ಬಿ ಮೋಬಿ. 2005ರಾಗ ಅಮೆಜಾನ್ ಅದನ್ನ ಕೊಂಡ್ತು, 2007ರ ನವೆಂಬರ್‌ದಾಗ ಕಿಂಡಲ್ ತಂತು, ಅದ ಡಬ್ಬಿಗೆ ತನ್ನ ಕೀಲಿ ಹಾಕಿ ಎಜಡ್‌ಡಬ್ಲ್ಯೂ ಅಂತು. ಆ ವರ್ಷನೇ ಇ-ಬುಕ್ ಉದ್ಯಮದವರ ಸಂಘ ಒಂದು ಇಪಬ್ ಅನ್ನೋ ಸಾರ್ವಜನಿಕ ಡಬ್ಬಿ ತಂತು. ಅಲ್ಲಿಂದ ದಾರಿ ಎರಡಾತು, ಈಗೂ ಎರಡ. ಅಮೆಜಾನ್ ಆಮ್ಯಾಲೆ 2011ರಾಗ ಎಜಡ್‌ಡಬ್ಲ್ಯೂ3, 2015ರಾಗ ಕೆಎಫ್‌ಎಕ್ಸ್ ತಂತು, ಎರಡನೇದು ನೋಡಾಕ ಚಂದ, ಹೊರಗಿನವರು ಮುಟ್ಟಾಕ ಕಠಿಣ.

ಹಂಗಾದ್ರ ಏನ್ ಮಾಡೂದು? ಕೀಲಿ ಇಲ್ಲದ ಇಪಬ್ ಆದ್ರ "ಸೆಂಡ್ ಟು ಕಿಂಡಲ್" ದಾರ್ಯಾಗ ಕಳಸ್ರಿ, ಅಮೆಜಾನ್‌ನವರ ತಮ್ಮ ಡಬ್ಬಿಗೆ ಬದಲಿ ಮಾಡಿ ಹಾಕತಾರ. ಬ್ರೌಸರ್‌ದಾಗ 200 ಎಂಬಿ ತನಕ, ಈಮೇಲ್‌ದಾಗ 50 ಎಂಬಿ ತನಕ. ಈಮೇಲ್ ಮಾಡಿ ಬರಲಿಲ್ಲಂದ್ರ ನಿಮ್ಮ ಈಮೇಲ್ ವಿಳಾಸ ಅಮೆಜಾನ್ ಸೆಟ್ಟಿಂಗ್‌ದಾಗ ಒಪ್ಪಿದ ವಿಳಾಸದ ಪಟ್ಟಿಯೊಳಗ ಐತೇನು ನೋಡ್ರಿ, ಕಾಕಾಂದು ಮಗನ ವಿಳಾಸ ಅಷ್ಟ ಇತ್ತು. ಮೋಬಿನ ಈ ದಾರ್ಯಾಗ ಕಳಸೂದು ಈಗ ಬಂದ್ ಆಗೈತಿ, ಹಳೇ ಮೋಬಿ ಇದ್ರ ಕೇಬಲ್‌ನಿಂದ ಹಾಕಿದ್ರ ನಡೀತೈತಿ. ಇಪಬ್ ಕಳಿಸಿದ ಮ್ಯಾಲೆ ಬದಲಿ ಮಾಡಾಕ ಆಗಲಿಲ್ಲ ಅಂತ ಮೇಲ್ ಬಂದ್ರ ಎರಡ ಅರ್ಥ: ಒಳಗ ಏನೋ ಹರದೈತಿ, ಇಲ್ಲಾ ಕೀಲಿ ಐತಿ.

ಅಕ್ಷರ ಎಲ್ಲಾ ಚೌಕ ಚೌಕ, ಇಲ್ಲಾ ಇಂಗ್ಲಿಷ್ ಗಜಿಬಿಜಿ

ಕನ್ನಡದಾಗ ಓದೋರಿಗೆ ಭಾಳ ಕಾಡೂದು ಇದ, ಮತ್ತ ಇಂಗ್ಲಿಷ್ ಗೈಡ್‌ಗಳು ಇದರ ಬಗ್ಗೆ ಒಂದ ಸಾಲೂ ಬರಿಯೂದಿಲ್ಲ. ಮೂರು ನಮೂನಿ ಇರತೈತಿ, ಕಣ್ಣಾಗ ಕಣ್ಣಿಟ್ಟು ನೋಡಿದ್ರ ಬ್ಯಾರೆ ಬ್ಯಾರೆ ಅಂತ ಗೊತ್ತಾಗತೈತಿ.

ಸಾಲು ಪೂರ್ತಿ ಖಾಲಿ ಚೌಕ ಕಂಡ್ರ, ಆ ಮಷೀನಿನಾಗ ಕನ್ನಡ ಫಾಂಟ್ ಇಲ್ಲ. ಫೈಲ್ ಛಲೋ ಐತಿ, ಅದಕ್ಕ ಬೈಬ್ಯಾಡ್ರಿ. ಈ ಚೌಕಕ್ಕ ಕಂಪ್ಯೂಟರ್ ಮಂದಿ ಟೋಫು ಅಂತಾರ, ಗೂಗಲ್‌ನವರು ಟೋಫು ಬ್ಯಾಡ ಅಂತನ ತಮ್ಮ ಫಾಂಟಿಗೆ ನೋಟೋ ಅಂತ ಹೆಸರಿಟ್ಟಾರ. ಮೊದಲ ಓದೂ ಆ್ಯಪ್‌ನ ಸೆಟ್ಟಿಂಗ್‌ದಾಗ "ಪಬ್ಲಿಷರ್ ಫಾಂಟ್" ಅನ್ನೂದು ಇದ್ರ ಅದನ್ನ ಹಚ್ಚಿ ನೋಡ್ರಿ, ಪುಸ್ತಕದ ಒಳಗ ಫಾಂಟ್ ಇಟ್ಟಿದ್ರ ಕೂಡ್ಲೇ ಸರಿ ಆಗತೈತಿ. ಆಗಲಿಲ್ಲಂದ್ರ ಕಿಂಡಲ್‌ನ್ಯಾಗ "ಫಾಂಟ್ಸ್" ಅನ್ನೋ ಫೋಲ್ಡರ್ ಐತಿ, 2018ರಿಂದ ಅದರಾಗ ನಮ್ಮ ಫಾಂಟ್ ಹಾಕಾಕ ಬರತೈತಿ, ನೋಟೋ ಸೆರಿಫ್ ಕನ್ನಡ ಹಾಕಿ ಆರಿಸ್ಕೋರಿ. ಇಲ್ಲಾ ಕ್ಯಾಲಿಬರ್ ಅನ್ನೋ, ಇ-ಬುಕ್ ಡಬ್ಬಿ ಬದಲಿ ಮಾಡೂ ಪ್ರೋಗ್ರಾಮಿನಾಗ ಕನ್ವರ್ಟ್ ಮಾಡುವಾಗ ಫಾಂಟ್ ಒಳಗ ಸೇರಿಸೂ ಆಯ್ಕೆ ಐತಿ. ನಡುವ ಒಂದು ಹೊಟ್ಟಿಕಿಚ್ಚಿನ ಮಾತು: 2016ರ ಡಿಸೆಂಬರ್‌ದಾಗ ಕಿಂಡಲ್ ಅಂಗಡ್ಯಾಗ ಭಾರತದ ಐದು ಭಾಷಾ ತಂದ್ರು, ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ನಮ್ಮದು ಅದರಾಗ ಇರಲಿಲ್ಲ.

ಎರಡನೇ ನಮೂನಿ, ಅಕ್ಷರ ಕಾಣತಾವ ಆದ್ರ ಒಡದಾವ. ಹುಬ್ಬಳ್ಳಿ ಅಂತ ಇರೂದು ಹುಬ್‌ಬಳ್‌ಳಿ ಅಂತ ಕಾಣತೈತಿ, ಕನ್ನಡ ಅನ್ನೂದು ಕನ್‌ನಡ. ಫಾಂಟ್ ಐತಿ, ಆದ್ರ ಒತ್ತಕ್ಷರ ಕೆಳಗ ಇಳಿಸಿ ಕೂಡಿಸೂ ಬುದ್ಧಿ ಆ ಆ್ಯಪಿಗೆ ಇಲ್ಲ. ಫಾಂಟ್ ಬದಲಿ ಮಾಡಿದ್ರ ಏನೂ ಉಪಯೋಗ ಇಲ್ಲ, ಆ್ಯಪ್ ಬದಲಿ ಮಾಡ್ರಿ, ಇಲ್ಲಾ ಸಾಫ್ಟ್‌ವೇರ್ ಅಪ್‌ಡೇಟ್ ಮಾಡ್ರಿ. ಆಂಡ್ರಾಯ್ಡ್ ಫೋನ್‌ದಾಗ ರೀಡ್‌ಎರಾ, ಲಿಥಿಯಂ ಇಂಥಾವು ಪುಕ್ಕಟೆ ಸಿಗತಾವ. ಹಳೇ ಇ-ಇಂಕ್ (ಕಾಗದದಂಥಾ ಪರದಿ ಇರೋ) ಮಷೀನಿಗೆ ಅಪ್‌ಡೇಟೇ ಇಲ್ಲ ಅಂದ್ರ ಅಲ್ಲೇ ನಿಲ್ಲಿಸಿ ಫೋನ್‌ದಾಗ ಓದ್ರಿ, ಅದಕ್ಕ ರೊಕ್ಕ ಹಾಕೂದು ಬ್ಯಾಡ.

ಮೂರನೇದು ಎಲ್ಲಕ್ಕಿಂತ ಮಜಾ. ಪುಸ್ತಕ ತೆರದ್ರ ಇಂಗ್ಲಿಷ್ ಅಕ್ಷರ, ನಡುನಡುವ ಪೌಂಡ್ ಚಿಹ್ನೆ, ತಲಿ ಮ್ಯಾಲೆ ಗೀಟು ಇರೋ ದೊಡ್ಡ ಎ, ಜರ್ಮನ್ ಭಾಷಾದ ಯಾವುದೋ ಅಕ್ಷರ. ಇದು ಕೀಲಿ ಹಾಕಿದ್ದಕ್ಕ ಹಿಂಗಾಗೈತಿ ಅಂತ ಕಾಕಾ ತಿಳದಿದ್ರು, ಅಲ್ಲ ರಿ. ಇದು "ನುಡಿ" ಇಲ್ಲಾ "ಬರಹ" ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಾಗ ಟೈಪ್ ಮಾಡಿದ್ದು. ಆವಾಗ ಡಿಟಿಪಿ ಅಂಗಡ್ಯಾಗ ಕನ್ನಡ ಅಂತ ಟೈಪ್ ಮಾಡಿದ್ರ ಕಂಪ್ಯೂಟರ್ ಒಳಗ ಇಂಗ್ಲಿಷ್ ಪಿ, ಗೀಟಿನ ಎ, ಪೌಂಡ್ ಚಿಹ್ನೆ ಅಂತನ ಇಡತಿತ್ತು, ಮ್ಯಾಲೆ ಕನ್ನಡದ ಮುಖವಾಡ ಹಾಕಿದ ಫಾಂಟ್ ಅದನ್ನ ಕನ್ನಡ ಅಂತ ತೋರಸತಿತ್ತು. ಮುಖವಾಡ ಕಳಚಿದ್ರ ಇದ ಕಾಣೂದು. ಪಿಡಿಎಫ್‌ದಾಗ ಮುಖವಾಡ ಜೋಡಿಗೇ ಬರತೈತಿ, ಅದಕ್ಕ ಅಲ್ಲಿ ಬರೋಬ್ಬರಿ ಕಾಣತೈತಿ, ಅದನ್ನ ಇಪಬ್ ಮಾಡಿದ ಕೂಡ್ಲೇ ಉದರಿ ಹೋಗತೈತಿ. ಪರೀಕ್ಷಾ ಸರಳ ಐತಿ: ಪಿಡಿಎಫ್‌ದಾಗಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ದಾಗ ನಿಮಗ ನೀವ ಕಳಸ್ಕೋರಿ, ಕನ್ನಡ ಬಂದ್ರ ಯೂನಿಕೋಡ್ (ಎಲ್ಲಾ ಮಷೀನೂ ಕನ್ನಡ ಅಂತನ ಗುರತಿಸೂ ನಮೂನಿ), ಪೌಂಡ್ ಬಂದ್ರ ಹಳೇ ಫಾಂಟ್. ನುಡಿಯಿಂದ ಯೂನಿಕೋಡ್‌ಗೆ ತಿರಗಸೂ ಪರಿವರ್ತಕ ಪುಕ್ಕಟೆ ಸಿಗತಾವ, ಆದ್ರ ಶ್ರೀಲಿಪಿ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ದಾಗ ಮಾಡಿದ್ದನ್ನ ನುಡಿ ಪರಿವರ್ತಕಕ್ಕ ಕೊಟ್ಟ್ರ ಇನ್ನೊಂದು ನಮೂನಿ ಗಜಿಬಿಜಿ ಬರತೈತಿ. ಎರಡು ಪರಿವರ್ತಕ ಹಾಕಿ ನೋಡ್ರಿ, ಬರಲಿಲ್ಲಂದ್ರ ಪಿಡಿಎಫ್‌ದಾಗನ ಓದ್ರಿ.

ಪಿಡಿಎಫ್ ತೆರೀತೈತಿ, ಅಕ್ಷರ ಇರುವಿ ಸೈಜ್

ಪಿಡಿಎಫ್ ಅಂದ್ರ ಹಾಳಿ ಫೋಟೋ ತಗದಿಟ್ಟಂಗ, ಅದರಾಗ ಅಕ್ಷರ ದೊಡ್ಡದು ಮಾಡಿದ್ರ ಸಾಲು ಮುರದು ಕೆಳಗ ಬರೂದಿಲ್ಲ. ಆರು ಇಂಚಿನ ಪರದಿ ಮ್ಯಾಲೆ ದೊಡ್ಡ ಹಾಳಿ ಹಿಡಸೂದಿಲ್ಲ, ಅದು ದೋಷ ಅಲ್ಲ. ಮಷೀನ್ ಅಡ್ಡ ಹಿಡಿರಿ, ಅಂಚಿನ ಖಾಲಿ ಜಾಗ ಕ್ರಾಪ್ ಮಾಡ್ರಿ. ಇಂಟರ್‌ನೆಟ್ ಆರ್ಕೈವ್‌ದಾಗ ಸಿಗೂ ಹಳೇ ಕನ್ನಡ ಪುಸ್ತಕ ಭಾಳಷ್ಟು ಬರೇ ಸ್ಕ್ಯಾನು, ಅವನ್ನ ಕನ್ವರ್ಟ್ ಮಾಡಾಕ ಕುಂಡ್ರಬ್ಯಾಡ್ರಿ. ಅದ ಪುಸ್ತಕ ಕನ್ನಡ ವಿಕಿಸೋರ್ಸ್‌ದಾಗ ಇದ್ರ ಅಲ್ಲಿಂದ ಸೀದಾ ಇಪಬ್ ಇಳಸ್ಕೋಬಹುದು, ಕೀಲಿನೂ ಇಲ್ಲ, ಯೂನಿಕೋಡ್ ಅಕ್ಷರ.

ಪಾಸ್‌ವರ್ಡ್ ಕೇಳಿದ್ರ ಕಳಿಸಿದವರನ್ನ ಕೇಳ್ರಿ, ಅಷ್ಟ.

ಕ್ಯಾಲಿಬರ್ "ಈ ಪುಸ್ತಕಕ್ಕ ಡಿಆರ್‌ಎಂ ಐತಿ" ಅಂತೈತಿ

ಕ್ಯಾಲಿಬರ್‌ಗೆ ಏನೂ ಆಗಿಲ್ಲ. 2006ರಾಗ ನಮ್ಮ ದೇಶದವರೇ ಆದ ಕೋವಿದ್ ಗೋಯಲ್ ಶುರು ಮಾಡಿದ ಪ್ರೋಗ್ರಾಮ್ ಅದು, ಕೀಲಿ ಇಲ್ಲದ ಡಬ್ಬಿ ಬದಲಿ ಮಾಡೂದ್ರಾಗ ಅದರಂಥಾದ್ದು ಇನ್ನೊಂದಿಲ್ಲ, ಆದ್ರ ಕೀಲಿ ಮುರಿಯೂ ಕೆಲಸ ಅದು ಮಾಡೂದಿಲ್ಲ. ಯಾರ ಕೀಲಿ ಅಂತ ನೋಡೂದು ಮಾತ್ರ ನಮ್ಮ ಕೈಯಾಗ ಐತಿ, ಅದರಿಂದ ಯಾವ ಆ್ಯಪ್ ಬೇಕು ಅಂತ ಗೊತ್ತಾಗತೈತಿ.

ಇಪಬ್‌ದ ಒಂದು ಕಾಪಿ ಮಾಡ್ರಿ, ಮೂಲ ಫೈಲ್ ಮುಟ್ಟಬ್ಯಾಡ್ರಿ. ಕಾಪಿಯ ಬಾಲ ಜಿಪ್ ಮಾಡಿ ಬಿಚ್ಚಿದ್ರ ಒಳಗ "ಮೆಟಾ-ಇನ್ಫ್" ಅನ್ನೋ ಫೋಲ್ಡರ್ ಇರತೈತಿ. ಅದರಾಗ "ರೈಟ್ಸ್" ಅನ್ನೋ ಎಕ್ಸ್‌ಎಂಎಲ್ ಫೈಲ್ ಇದ್ರ ಸಾಮಾನ್ಯ ಅಡೋಬಿ ಕೀಲಿ. "ಲೈಸೆನ್ಸ್" ಹೆಸರಿನ ಎಲ್‌ಸಿಪಿಎಲ್ ಫೈಲ್ ಇದ್ರ ಎಲ್‌ಸಿಪಿ. "ಸಿನ್ಫ್" ಅಂತಿದ್ರ ಆ್ಯಪಲ್, ಅದನ್ನ ಐಫೋನ್, ಐಪ್ಯಾಡ್, ಮ್ಯಾಕ್ ಬಿಟ್ಟು ಎಲ್ಲೂ ಓದಾಕ ಬರೂದಿಲ್ಲ, ಆ್ಯಪಲ್ ಬುಕ್ಸ್ ಆ್ಯಪ್ ಒಂದ ಗತಿ. "ಎನ್‌ಕ್ರಿಪ್ಷನ್" ಅನ್ನೋ ಫೈಲ್ ಒಂದ ಇದ್ದು ಉಳದವು ಇಲ್ಲಂದ್ರ ಗಾಬರಿ ಬ್ಯಾಡ, ಫಾಂಟ್ ಕದಿಯಬಾರದು ಅಂತ ಫಾಂಟಿಗಷ್ಟ ಹಾಕಿದ ಗಂಟು ಇರಬಹುದು, ಪುಸ್ತಕ ಮುಕ್ತ ಇರತೈತಿ. ಫೋಲ್ಡರ್‌ದಾಗ ಬರೇ "ಕಂಟೇನರ್" ಅನ್ನೂದು ಒಂದ ಇದ್ರ ಕೀಲಿನೇ ಇಲ್ಲ.

ಕಿಂಡಲ್ ಅಂಗಡ್ಯಾಗ ತಗೊಂಡದ್ದಕ್ಕ ಈ ಪರೀಕ್ಷಾ ನಡಿಯೂದಿಲ್ಲ, ಅದು ಸಾಮಾನ್ಯ ನಿಮ್ಮ ಅಕೌಂಟಿಗೆ ಕಟ್ಟಿದ್ದು, ಅದ ಅಕೌಂಟ್ ಹಾಕಿದ ಕಿಂಡಲ್ಲೋ ಕಿಂಡಲ್ ಆ್ಯಪ್ಪೋ ಬೇಕು. ಕಂಪ್ಯೂಟರಿಗೆ ಇಳಿಸಿ ಕೇಬಲ್‌ನಿಂದ ಹಾಕೂ ದಾರಿ ಮುಂಚೆ ಇತ್ತು, 2025ರ ಫೆಬ್ರುವರಿ 26ಕ್ಕ ಅದನ್ನೂ ತಗದ್ರು.

ಕೀಲಿ ಮುರಿಯೂ ಪ್ರೋಗ್ರಾಮ್ ಐತಲ್ಲ ಅಂತ ಎಲ್ಲಾರೂ ಕೇಳತಾರ. 2012ರ ತಿದ್ದುಪಡಿಯಿಂದ ನಮ್ಮ ಕಾಪಿರೈಟ್ ಕಾಯ್ದೆದಾಗ 65ಎ ಕಲಂ ಬಂದೈತಿ, ಹಕ್ಕು ಉಲ್ಲಂಘನೆ ಮಾಡೂ ಉದ್ದೇಶದಿಂದ ಇಂಥಾ ಕೀಲಿ ಮುರದ್ರ ಎರಡು ವರ್ಷದ ತನಕ ಜೈಲು, ಜೋಡಿ ದಂಡ. ಮತ್ತ ಕೀಲಿ ಇಲ್ಲ ಅಂದ ಮಾತ್ರಕ್ಕ ಹಂಚಬಹುದು ಅಂತನೂ ಅಲ್ಲ. ಕಾಕಾನ ಪೆನ್‌ಡ್ರೈವ್‌ನ್ಯಾಗ ಬೇಂದ್ರೆಯವರ ಪದ್ಯದ ಫೈಲ್ ಒಂದಿತ್ತು, ಸಾಧನಕೇರಿ ನಮ್ಮ ಊರಾಗ ಐತಿ ಅಂದ್ರ ಪದ್ಯನೂ ನಮ್ಮವ ಅಂತ ಅವರ ವಾದ. ಬೇಂದ್ರೆ ಅಜ್ಜಾರು ತೀರಿದ್ದು 1981ರಾಗ, ನಮ್ಮ ಕಾಯ್ದೆದಾಗ ಲೇಖಕರು ತೀರಿದ ಮ್ಯಾಲೆ 60 ವರ್ಷ, ಅಂದ್ರ 2041 ಮುಗಿಯೂ ತನಕ ಹಕ್ಕು ಮನೆತನದವರ ಹತ್ರ. ಕಾಕಾ ಲೆಕ್ಕ ಹಾಕಿ, "ಅಷ್ಟ್ರಾಗ ನಾ ಇರೂದಿಲ್ಲ ಬಿಡು, ಪುಸ್ತಕನ ಕೊಳ್ಳತೇನಿ" ಅಂದ್ರು.

ನಿನ್ನೆ ತನಕ ಇತ್ತು, ಇವತ್ತ ಮಾಯ

ಮೊದಲ ಫೋನಿನ ತಾರೀಖು ನೋಡ್ರಿ. ಬ್ಯಾಟರಿ ಪೂರ್ತಿ ಇಳದು ತಾರೀಖು ಹಿಂದಕ್ಕೋ ಮುಂದಕ್ಕೋ ಹೋಗಿದ್ರ ಎರವಲು ಪುಸ್ತಕದ ಅವಧಿ ಮುಗೀತು ಅಂತ ಆ್ಯಪ್ ತಿಳಕೋತೈತಿ. ಆಮ್ಯಾಲೆ ಅಕೌಂಟ್, ಮಗಳು ತನ್ನ ಐಡಿ ಹಾಕಿದ್ರ ನಿಮ್ಮ ಪುಸ್ತಕ ಕಾಣೂದಿಲ್ಲ. ಎರವಲು ತಂದದ್ದು, ತಿಂಗಳ ಚಂದಾದ್ದು ಆದ್ರ ಅವಧಿ ಮುಗದಿರತೈತಿ, ಅದು ಹಂಗ ಇರೂದು.

ಕೊಂಡದ್ದು ಹೋಗಿದ್ರ? ಆಗೂದುಂಟು. 2009ರ ಜುಲೈದಾಗ ಹಕ್ಕಿಲ್ಲದ ಪ್ರಕಾಶಕರು ಹಾಕಿದ ಜಾರ್ಜ್ ಆರ್ವೆಲ್ ಪುಸ್ತಕಗಳನ್ನ ಅಮೆಜಾನ್ ಗಿರಾಕಿಗಳ ಕಿಂಡಲ್‌ದಾಗಿಂದ ದೂರದಿಂದನ ಅಳಿಸಿ, ರೊಕ್ಕ ವಾಪಸ್ ಕೊಟ್ಟು, ಆಮ್ಯಾಲೆ ಕ್ಷಮಾ ಕೇಳ್ತು. 2019ರಾಗ ಮೈಕ್ರೋಸಾಫ್ಟ್ ತನ್ನ ಪುಸ್ತಕದ ಅಂಗಡಿ ಮುಚ್ಚಿದಾಗ ಕೀಲಿ ತೆರೆಯೂ ಸರ್ವರೂ ಬಂದಾತು, ಮಾರಿದ ಪುಸ್ತಕೆಲ್ಲ ತೆರಿಯದಂಗಾದ್ವು, ರೊಕ್ಕ ವಾಪಸ್ ಬಂತು. ನನಗೂ ಒಂದು ಸಣ್ಣ ಆ್ಯಪ್‌ದಾಗ ತಗೊಂಡ ನಾಕು ಪುಸ್ತಕ ಹಿಂಗ ಹೋದ್ವು, ರೊಕ್ಕ ಬರಲಿಲ್ಲ, ಬೈಕೊಂಡು ಸುಮ್ಮಾದೆ. ಅದಕ್ಕ ಈಗ ನಾ ಎರಡೂ ಕಡೆ ಒಂದ ಪುಸ್ತಕ ಇದ್ರ ಕೀಲಿ ಇಲ್ಲದ ಅಂಗಡ್ಯಾಗ ತಗೋತೇನಿ, ಹತ್ತು ರೂಪಾಯಿ ಜಾಸ್ತಿ ಇದ್ರೂ. ಆರ್ಡರ್ ಮೇಲ್ ಮಾತ್ರ ಅಳಸಬ್ಯಾಡ್ರಿ, ಕಂಪ್ಲೇಂಟಿಗೆ ಅದೊಂದ ಸಾಕ್ಷಿ.

ಇಲ್ಲಿಗೆ ನಿಲ್ಲಸ್ರಿ

ಮಷೀನಿನ ಬೆನ್ನು ಉಬ್ಬಿದ್ರ, ಪರದಿ ಅಂಚಿನಾಗ ಬಿರುಕು ಬಿಟ್ಟು ಎದ್ದಿದ್ರ, ಕೈಗೆ ಹತ್ತೂವಷ್ಟು ಬಿಸಿ ಇದ್ರ ಅದು ಫೈಲಿನ ಮಾತೇ ಅಲ್ಲ, ಲಿಥಿಯಂ ಬ್ಯಾಟರಿ ಉಬ್ಬೈತಿ. ಚಾರ್ಜರ್ ತಗೀರಿ, ಒತ್ತಬ್ಯಾಡ್ರಿ, ಚಾಕು ಹಾಕಿ ಬಿಚ್ಚಬ್ಯಾಡ್ರಿ, ಹಾಸಗಿ ದಿಂಬಿನಿಂದ ದೂರ ಫರಸಿ ಮ್ಯಾಲೆ ಇಟ್ಟು ಸರ್ವಿಸ್ ಸೆಂಟರಿಗೆ ಒಯ್ರಿ.

"ಸಪೋರ್ಟ್‌ನಿಂದ ಮಾತಾಡತೇವಿ" ಅಂತ ಫೋನ್ ಮಾಡಿ ಪರದಿ ಹಂಚೂ ಆ್ಯಪ್ ಹಾಕ್ರಿ, ಓಟಿಪಿ ಹೇಳ್ರಿ ಅಂದ್ರ ಕಟ್ ಮಾಡ್ರಿ. ನಂಬರ್ ಸರ್ಚ್ ಮಾಡಿ ಮ್ಯಾಲೆ ಸಿಕ್ಕಿದ್ದಕ್ಕ ಹಚ್ಚಬ್ಯಾಡ್ರಿ, ಆ್ಯಪ್ ಒಳಗಿನ ಹೆಲ್ಪ್‌ದಾಗಿಂದನ ಹೋಗ್ರಿ.

ಕಾಕಾನ ಏಳನೇ ಫೈಲ್ ಉಳದಿತ್ತು. ಹೆಸರು ಯಾವುದೋ ಹಳೇ ಕಾದಂಬರಿದು, ಚಿತ್ರನೂ ಪುಸ್ತಕದ್ದ. ಬಾಲ ಕಾಣಸೂ ಟಿಕ್ ಹಾಕಿದ ಕೂಡ್ಲೇ ಇಪಬ್ ಅನ್ನೂದ್ರ ಮುಂದ ಇನ್ನೊಂದು ಬಾಲ ಹೊರಗ ಬಂತು, ಇಎಕ್ಸ್‌ಇ. ಅದು ಪುಸ್ತಕ ಅಲ್ಲ, ಒತ್ತಿದ್ರ ಓಡೂ ಪ್ರೋಗ್ರಾಮು, ಪುಕ್ಕಟೆ ಪುಸ್ತಕ, ಕೀಲಿ ಮುರಿಯೂ ಸಾಧನ ಅಂತ ಹಂಚೂ ಕಡೆ ಇಂಥಾವು ಬೇಕಾದಷ್ಟು ಸಿಗತಾವ. ತೆರಿಯಲಿಲ್ಲ, ಅಳಿಸಿ ರಿಸೈಕಲ್ ಬಿನ್‌ನೂ ಖಾಲಿ ಮಾಡಿ, ಆ್ಯಂಟಿವೈರಸ್ ಹಚ್ಚಿ ಪೆನ್‌ಡ್ರೈವ್ ಪೂರ್ತಿ ಒಂದ ಸಲ ತಪಾಸ ಮಾಡಿದ್ವಿ. ಕಾಕಾ ಚಾ ಕುಡದು ಎದ್ದು ಚಪ್ಪಲಿ ಹಾಕೋವಾಗ ಮತ್ತೊಮ್ಮೆ ಕೇಳಿದ್ರು, "ಎಲ್ಲಾ ಖರೆ ತಮ್ಮಾ, ಆ ಕಾದಂಬರಿ ಎಲ್ಲಿ ಸಿಗತೈತಿ?" ಸುಭಾಸ ರೋಡಿನ ಪುಸ್ತಕದ ಅಂಗಡ್ಯಾಗ ಕೇಳಿ ನೋಡ್ರಿ ಅಂದೆ.